ಕೆರೆ ಏರಿಯಲ್ಲಿ ಜಿಯೋಕ್ಯಾಶಿಂಗ್: ಹಾವಿನ ಬಗ್ಗೆ ಡಾಕ್ಟರನ್ನು ಕೇಳಿ

ಪ್ರಶ್ನೆ (ಸಾಗರ ಕಡೆಯ ಹೈಸ್ಕೂಲ್ ಮೇಷ್ಟ್ರು):
ನಮಸ್ಕಾರ ಡಾಕ್ಟ್ರೇ. ಜಿಯೋಕ್ಯಾಶಿಂಗ್ ಅಂತ ಒಂದು ಆಟ, 2000ದಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಡಬ್ಬಿಯೊಳಗೆ ಪುಟ್ಟ ಪುಸ್ತಕ ಹಾಕಿ ಎಲ್ಲಾದರೂ ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶ ಕೊಡುವುದು. ಉಳಿದವರು ಮೊಬೈಲ್ ಜಿಪಿಎಸ್ ಹಿಡಿದು ಹುಡುಕಿ, ಹೆಸರು ಬರೆದು, ಅಲ್ಲೇ ಇಟ್ಟು ಬರುವುದು. ನಮ್ಮೂರ ಕೆರೆ ಏರಿಯಿಂದ ಗದ್ದೆ ಬಯಲು ದಾಟಿ ಸೊಪ್ಪಿನ ಬೆಟ್ಟದವರೆಗೆ (ಗೊಬ್ಬರದ ಸೊಪ್ಪಿಗೆ ಬಿಟ್ಟ ಕಾಡು) ಇಂಥ ಡಬ್ಬಿ ಇಟ್ಟು ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಆಡಿಸಬೇಕು ಅಂತಿದ್ದೇನೆ. ಪೋಷಕರಿಗೆ ಹಾವಿನ ಭಯ. ದಪ್ಪ ಗ್ಲೌಸ್ ಕೊಟ್ಟರೆ ಸಾಕೆ? ಕಿಟ್‌ನಲ್ಲಿ ಹಗ್ಗ, ಬ್ಲೇಡು ಇರಬೇಕೆ?

ಡಾಕ್ಟರ ಉತ್ತರ:
ಆಡಿಸಿ ಮೇಷ್ಟ್ರೇ, ಮಕ್ಕಳು ಕೆರೆ ಬಯಲು ನೋಡಲಿ. ಆದರೆ ಅಪಾಯ ಹುಡುಕುವ ಮಗುವಿಗಿಂತ ಡಬ್ಬಿ ಇಡುವ ನಿಮ್ಮ ಕೈಯಲ್ಲೇ ಹೆಚ್ಚು ಇದೆ. ಮರದಡಿ ಮೊಬೈಲು ಐದತ್ತು ಮೀಟರ್ ಆಚೀಚೆ ತೋರಿಸುತ್ತದೆ. ಆ ಸುತ್ತಿನಲ್ಲಿರುವ ಎಲ್ಲ ಸಂದಿಗೂ ಮಗು ಕೈ ಹಾಕುತ್ತದೆ. ಹಾಗಾಗಿ ಚಿರೆಕಲ್ಲಿನ ಸಂದಿ, ಹುತ್ತ, ಮರದ ಪೊಟರೆ, ದರಕಿನ (ಒಣಗಿ ಉದುರಿದ ಎಲೆಯ) ರಾಶಿ, ತೆಂಗಿನ ಸಿಪ್ಪೆ ಗುಡ್ಡೆ ಇವುಗಳಲ್ಲೂ ಇಡಬೇಡಿ, ಇವುಗಳ ಹತ್ತಿರವೂ ಇಡಬೇಡಿ. ಪೊದೆಯಲ್ಲಿ ನೇತುಹಾಕುವುದೂ ಬೇಡ. ಹಳ್ಳದ ಬದಿಯ ಗಿಡಗಳ ತಗ್ಗಿನ ಕೊಂಬೆಯಲ್ಲಿ ಮಲಬಾರ್ ಪಿಟ್ ವೈಪರ್ ಎಂಬ ವಿಷದ ಹಾವು ಎಲೆಯದೋ ಪಾಚಿಯದೋ ಬಣ್ಣದಲ್ಲಿ ಅಲ್ಲಾಡದೆ ಕೂತಿರುತ್ತದೆ. ಸುತ್ತ ಹುಲ್ಲು ಸವರಿದ ಬೋಳು ಕಂಬಕ್ಕೆ, ಎದೆ ಮಟ್ಟದಲ್ಲಿ, ಕಣ್ಣಿಗೆ ಕಾಣುವಂತೆ ಕಟ್ಟಿ. ಹುಡುಕುವ ಕಷ್ಟವನ್ನು ಒಗಟಿನಲ್ಲಿಡಿ, ಜಾಗದಲ್ಲಿ ಬೇಡ.

ಗ್ಲೌಸ್ ನಂಬಬೇಡಿ. ಕೊಳಕುಮಂಡಲದ ಹಲ್ಲು ಉದ್ದ, ಚರ್ಮದ ಗ್ಲೌಸನ್ನೂ ದಾಟಬಲ್ಲದು. ಅದಕ್ಕಿಂತ ಹೆಚ್ಚಾಗಿ, ಗ್ಲೌಸ್ ಹಾಕಿದ ಮಗು ಹಾಕಬಾರದ ಕಡೆ ಧೈರ್ಯವಾಗಿ ಕೈ ಹಾಕುತ್ತದೆ. ಗಂಬೂಟು, ಉದ್ದ ಕೋಲು ಕೊಡಿ. ಕೊಳಕುಮಂಡಲ ಹೆಜ್ಜೆ ಸಪ್ಪಳಕ್ಕೆ ಓಡಿಹೋಗುವ ಜಾತಿಯಲ್ಲ, ಹುಲ್ಲಿನಲ್ಲಿ ಸುಮ್ಮನೆ ಬಿದ್ದಿರುತ್ತದೆ, ಹತ್ತಿರ ಹೋದರೆ ಕುಕ್ಕರಿನಂತೆ ಬುಸುಗುಡುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಂತು, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಕಟ್ಟು ಹಾವು ರಾತ್ರಿ ಸಂಚಾರದ್ದು. ಸಂಜೆ ನಾಲ್ಕಕ್ಕೆ ಆಟ ಮುಗಿಸಿಬಿಡಿ.

ಹಗ್ಗ, ಬ್ಲೇಡು ಎರಡೂ ಬೇಡವೇ ಬೇಡ. ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದು ನಿಂತಿರುತ್ತದೆ, ಕೊಯ್ದರೆ ಸೋರುತ್ತಲೇ ಇರುತ್ತದೆ. ಬಿಗಿದು ಕಟ್ಟಿದರೆ ಊದಿದ ಕಾಲಿಗೆ ರಕ್ತ ಹೋಗದೆ ಕಾಲೇ ಕೊಳೆಯಬಹುದು. ಮಗುವನ್ನು ಕೂರಿಸಿ, ಬಳೆ, ಉಂಗುರ, ಗೆಜ್ಜೆ ತೆಗೆಯಿರಿ. ಅಡಿಕೆ ದಬ್ಬೆ ಇಟ್ಟು ಬಟ್ಟೆಯಿಂದ ಸಡಿಲವಾಗಿ ಸುತ್ತಿ, ಮುರಿದ ಕಾಲನ್ನು ಹೇಗೋ ಹಾಗೆ ಅಲ್ಲಾಡದಂತೆ ನೋಡಿಕೊಳ್ಳಿ. ನಡೆಸಬೇಡಿ, ಎತ್ತಿಕೊಂಡು ಬನ್ನಿ. ಕಚ್ಚಿದ ಹೊತ್ತು ಬರೆದುಕೊಳ್ಳಿ. 108ಕ್ಕೆ ಫೋನ್ ಮಾಡಿ.

ತೀರ್ಥಹಳ್ಳಿ ಕಡೆಯ ಸದಸ್ಯೆ:
ಸರ್, ವಿಷ ಇಳಿಸುವ ಇಂಜೆಕ್ಷನ್ನೇ ಕಿಟ್‌ನಲ್ಲಿ ಇಟ್ಟುಕೊಂಡರೆ? ಯಾವ ಹಾವು ಅಂತ ಹೊಡೆದು ತರಬೇಕಾ?

ಡಾಕ್ಟರ ಉತ್ತರ:
ಎರಡೂ ಬೇಡಮ್ಮ. ಆ ಔಷಧಿ ರಕ್ತನಾಳಕ್ಕೆ ಹೋಗಬೇಕು, ಕೆಲವರಿಗೆ ಜೀವಕ್ಕೇ ಎರವಾಗುವಂಥ ಅಲರ್ಜಿ ಆಗುತ್ತದೆ, ಆಸ್ಪತ್ರೆಯಲ್ಲೇ ಕೊಡಬೇಕು. ಹಾವು ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬಹುದು. ದೂರದಿಂದ ಫೋಟೋ ಸಿಕ್ಕರೆ ಸರಿ, ಸಿಗದಿದ್ದರೆ ಬಿಡಿ. ನಾವು ಒಣ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಮುಟ್ಟದೆ ಇಟ್ಟು ಓರೆ ಮಾಡುತ್ತೇವೆ. ಇನ್ನೂ ನೀರಿನಂತೆ ಹರಿದರೆ ವಿಷ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಕಟ್ಟು ಹಾವಾದರೆ ಗಾಯವೇ ಕಾಣದಿರಬಹುದು, ಹೊಟ್ಟೆನೋವು ಬರುತ್ತದೆ, ರೆಪ್ಪೆ ಜೋತುಬೀಳುತ್ತದೆ. ಮಗು ಅಂತ ಔಷಧಿ ಕಡಿಮೆ ಕೊಡುವುದಿಲ್ಲ. ಒಳಗೆ ಹೋದ ವಿಷ ಅಷ್ಟೇ ತಾನೆ.

ಮಲೆನಾಡಿಗೆ ಬೇರೆಯದೇ ಒಂದು ಚಿಂತೆ ಇದೆ. ನಮ್ಮಲ್ಲಿ ಸಿಗುವ ಔಷಧಿ ತಯಾರಾಗುವುದು ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ದರಕಿನೊಳಗೆ ದರಕಿನ ಬಣ್ಣದಲ್ಲೇ ಸುರುಳಿ ಸುತ್ತಿರುವ, ಮೊಳದುದ್ದವೂ ಇಲ್ಲದ, ಮೂಗಿನ ತುದಿ ಮೇಲೆದ್ದ ಹಂಪ್‌ನೋಸ್ಡ್ ಪಿಟ್ ವೈಪರ್ ವಿಷಕ್ಕೆ ಅದು ನಾಟುವುದಿಲ್ಲ. ಕಿಡ್ನಿಗೆ ಪೆಟ್ಟು ಬೀಳಬಹುದು. ಮರಿ ಹಾವು ಅಂತ ಉದಾಸೀನ ಮಾಡದೆ ಬನ್ನಿ, ಒಂದು ದಿನವಾದರೂ ನಿಗಾದಲ್ಲಿರಿ.

ಹೊಸನಗರ ಕಡೆಯ ಸದಸ್ಯರು:
ನಮ್ಮಲ್ಲಿ ನಾಟಿ ಔಷಧಿಯಲ್ಲೇ ಬದುಕಿದವರು ಇದ್ದಾರಲ್ಲ ಡಾಕ್ಟ್ರೇ?

ಡಾಕ್ಟರ ಉತ್ತರ:
ಇದ್ದಾರೆ. ಕಚ್ಚುವ ಹಾವುಗಳಲ್ಲಿ ಬಹಳಷ್ಟು ನೀರೊಳ್ಳೆ, ಕೇರೆಯಂಥ ವಿಷವಿಲ್ಲದವು. ವಿಷದ ಹಾವೂ ಒಮ್ಮೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅವರೆಲ್ಲ ಸೊಪ್ಪು ಅರೆಯದಿದ್ದರೂ ಬದುಕುತ್ತಿದ್ದರು. ನಿಜವಾಗಿ ವಿಷ ಏರಿದವರಿಗೆ ಅಲ್ಲಿ ಕಳೆದ ಎರಡು ಗಂಟೆ ತುಂಬಾ ದುಬಾರಿ. ದಯವಿಟ್ಟು ಮೊದಲು ಆಸ್ಪತ್ರೆ.

ಮೇಷ್ಟ್ರು:
ತುಂಬಾ ಉಪಕಾರ ಆಯ್ತು. ಜನವರಿಯಲ್ಲಿ ಇಟ್ಟುಕೊಳ್ಳಲೆ?

ಡಾಕ್ಟರ ಉತ್ತರ:
ಇಟ್ಟುಕೊಳ್ಳಿ. ಮಳೆಗಾಲಕ್ಕಿಂತ ಹಾವಿನ ಕಾಟ ಕಡಿಮೆ. ಆದರೆ ಅದು ಕಾಡಿನಲ್ಲಿ ಕಚ್ಚಿ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳ ಹೆಚ್ಚುವ ಕಾಲ. 1957ರಲ್ಲಿ ಆ ಕಾಯಿಲೆ ಮೊದಲು ಗೊತ್ತಾದದ್ದೇ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಸೊಪ್ಪಿನ ಬೆಟ್ಟದ ಡಬ್ಬಿಗಳನ್ನು ಕೈಬಿಟ್ಟು ಕೆರೆ ಏರಿ, ಗದ್ದೆ ಬಯಲಿಗೆ ನಿಲ್ಲಿಸಿ. ಗುಡವಿ, ಮಂಡಗದ್ದೆಯಂಥ ಪಕ್ಷಿಧಾಮಕ್ಕೆ ಹೋಗುವ ಯೋಚನೆ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಡಬ್ಬಿಯನ್ನೂ ಇಡಬೇಡಿ. ಹೊರಡುವ ಹಿಂದಿನ ದಿನ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಔಷಧಿ ಸ್ಟಾಕ್ ಇದೆಯೇ ಕೇಳಿ. ಒಂದು ಜೀಪು ಏರಿ ಹತ್ತಿರವೇ ನಿಂತಿರಲಿ.