ಪದಚರ್ಚೆ: ಹತ್ತಿಗೆ ‘ಲಘು’ ಪೋಷಕಾಂಶವೋ ‘ಸೂಕ್ಷ್ಮ’ ಪೋಷಕಾಂಶವೋ? ‘ಎಳೆಯ ಬೆಳವಣಿಗೆ’ ಎಂದರೆ ಯಾವುದರ ಬೆಳವಣಿಗೆ?

ಪದಬಲ್ಲ ಎಲ್ಲರಿಗೂ ನಮಸ್ಕಾರ.

ಹಾವೇರಿ ಭಾಗದ ಹತ್ತಿ ಬೆಳೆಗಾರರಿಗೆಂದು ಸಿದ್ಧವಾಗುತ್ತಿರುವ ಒಂದು ಚಿಕ್ಕ ಕೈಪಿಡಿಯ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಸತು, ಬೋರಾನ್, ಕಬ್ಬಿಣ ಮುಂತಾದವನ್ನು ಕೊಟ್ಟರೆ ಇಳುವರಿಗೆ ಏನಾಗುತ್ತದೆ, ಹತ್ತಿಯ ಗುಣಕ್ಕೆ ಏನಾಗುತ್ತದೆ ಎಂಬುದು ಅದರ ವಿಷಯ. ಕೆಲವು ಪದಗಳು ನನ್ನನ್ನು ವಾರದಿಂದ ತಡೆದು ನಿಲ್ಲಿಸಿವೆ. ನಿಮ್ಮ ಸಲಹೆ ಬೇಕು.

ಕರಡಿನಲ್ಲಿ ‘ಲಘು ಪೋಷಕಾಂಶ’ ಎಂದಿತ್ತು. ಕೃಷಿ ಪ್ರಕಟಣೆಗಳಲ್ಲಿ ಇದು ರೂಢಿಯ ಮಾತು. ಹತ್ತಿ ಬೆಳೆಯುವ ನನ್ನ ಸೋದರಮಾವನಿಗೆ ಓದಲು ಕೊಟ್ಟೆ. ಆ ಸಾಲಿನ ಮೇಲೆ ಬೆರಳಿಟ್ಟು, “ಲಘು ಎಂದ ಮೇಲೆ ಒಂದು ವರ್ಷ ಬಿಟ್ಟರೂ ನಡೆಯುತ್ತದಲ್ಲವೇನಪ್ಪ?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಲಘು ಉಪಾಹಾರ, ಲಘು ವ್ಯಾಯಾಮ, ಲಘು ಮಳೆ ಎಲ್ಲದರಲ್ಲೂ ‘ಇದ್ದರೆ ಇರಲಿ’ ಎಂಬ ಛಾಯೆ ಇದೆ. ಇಲ್ಲಿ ಕಡಿಮೆಯಿರುವುದು ಪ್ರಮಾಣ ಮಾತ್ರ, ಅಗತ್ಯವಲ್ಲ. ಸತು ಸಾಲದ ನೆಲಕ್ಕೆ ಹೆಕ್ಟೇರಿಗೆ 25 ಕೆ.ಜಿ. ಸತುವಿನ ಸಲ್ಫೇಟ್ ಹಾಕಿ ಎನ್ನುತ್ತಾರೆ. ಅದರಲ್ಲಿ ಸತು ಇರುವುದು 5 ಕೆ.ಜಿ.ಯಷ್ಟು. ಅಷ್ಟೂ ಸಿಗದಿದ್ದರೆ ಗೆಣ್ಣುಗಳು ಒತ್ತೊತ್ತಾಗಿ, ಎಲೆ ಕಿರಿದಾಗಿ ಗಿಡ ಕುಗ್ಗುತ್ತದೆ. ನಮ್ಮ ಎರೆಭೂಮಿಯಲ್ಲಿ ಸುಣ್ಣದಂಶ ಮತ್ತು ಕ್ಷಾರಗುಣ ಹೆಚ್ಚಿರುವ ಕಡೆ ಸತುವೂ ಕಬ್ಬಿಣವೂ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ.

ಸರಿ, ‘ಸೂಕ್ಷ್ಮ ಪೋಷಕಾಂಶ’ ಎನ್ನೋಣ ಎಂದುಕೊಂಡೆ. ಪತ್ರಿಕೆಗಳಲ್ಲಿ ಅದೂ ಬಳಕೆಯಲ್ಲಿದೆ. ಎಲ್ಲ ಕಡೆ ತಿದ್ದಿದ ಮೇಲೆ ಮುಂದಿನ ಪುಟದಲ್ಲಿ ಹೀಗೊಂದು ವಾಕ್ಯ ಎದುರಾಯಿತು: “ಸೂಕ್ಷ್ಮ ಪೋಷಕಾಂಶಗಳಿಂದ ಎಳೆಯ ಸೂಕ್ಷ್ಮತೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.” ಎರಡು ಸೂಕ್ಷ್ಮಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡನೆಯದು ಮೈಕ್ರೊನೇರ್ ಎಂಬ ಅಳತೆಯ ಅನುವಾದ. ಗೊತ್ತುಪಡಿಸಿದ ತೂಕದ ಹತ್ತಿಯನ್ನು ಒತ್ತಿಟ್ಟು ಅದರೊಳಗೆ ಗಾಳಿ ಹಾಯಿಸುತ್ತಾರೆ. ಎಳೆ ತೆಳ್ಳಗಿದ್ದಷ್ಟೂ ಗಾಳಿಗೆ ತಡೆ ಹೆಚ್ಚು, ಅಂಕಿ ಕಡಿಮೆ. ಆದರೆ ಬಲಿಯದೆ ಉಳಿದ, ಗೋಡೆ ತೆಳುವಾದ ಎಳೆಗಳೂ ಇದೇ ಕಡಿಮೆ ಅಂಕಿಯನ್ನು ತೋರಿಸುತ್ತವೆ. ತೆಳ್ಳಗಿರುವುದು ಮತ್ತು ಬಲಿತಿರುವುದು, ಎರಡೂ ಸೇರಿದ ಅಳತೆ ಅದು. ‘ಸೂಕ್ಷ್ಮತೆ’ ಎಂದರೆ ಅರ್ಧ ಮಾತ್ರ ಹೇಳಿದಂತೆ. ಆದ್ದರಿಂದ ಅಳತೆಯ ಹೆಸರನ್ನು ‘ಮೈಕ್ರೊನೇರ್’ ಎಂದೇ ಉಳಿಸಿ, ತೆಳ್ಳಗಿರುವ ಗುಣಕ್ಕೆ ‘ನವಿರು’ ಎನ್ನಬೇಕೆಂದು ನನ್ನ ಮನಸ್ಸು. ‘ನವಿರೇಳು’ ಎಂಬಲ್ಲಿ ನವಿರು ಎಂದರೆ ರೋಮ. ‘ನವಿರಾದ ನೂಲು’ ಎಂಬಲ್ಲಿ ನಯ. ಬೀಜದ ಮೈಮೇಲೆ ಹುಟ್ಟುವ ಕೂದಲಿನಂಥ ವಸ್ತುವಿಗೆ ಎರಡೂ ಹೊಂದುತ್ತವೆ.

ನನಗೆ ಹೆಚ್ಚು ತೊಡಕಾಗಿರುವುದು ‘ಎಳೆ’. ಮಾರುಕಟ್ಟೆಯಲ್ಲಿ ವ್ಯಾಪಾರಿ ಅಂಡಿಗೆಯಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಎರಡೂ ಕೈಗಳ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನಿಧಾನವಾಗಿ ಜಗ್ಗುತ್ತಾನೆ. ತುದಿಗಳನ್ನು ಒಂದರ ಮೇಲೊಂದು ಜೋಡಿಸಿ ಮತ್ತೆ ಜಗ್ಗುತ್ತಾನೆ. ಕೊನೆಗೆ ಬೆರಳುಗಳ ನಡುವೆ ಉಳಿದ ಬಿಳಿಯ ಗೆರೆಯನ್ನು ನೋಡಿ “ಎಳೆ ಉದ್ದ ಇದೆ” ಎನ್ನುತ್ತಾನೆ. ‘ನಾರು’ ಎನ್ನುವುದಿಲ್ಲ. ನಾರು ಬಾಳೆಯದು, ತೆಂಗಿನದು, ಕತ್ತಾಳೆಯದು. ನಾರುಮಡಿ ಎಂದರೆ ತೊಗಟೆಯ ಬಟ್ಟೆ. ಪಠ್ಯಗಳಲ್ಲಿ ‘ಹತ್ತಿಯ ನಾರು’ ಎಂದಿದ್ದರೂ ನನಗೆ ಒಗ್ಗುವುದಿಲ್ಲ.

ಆದರೆ ‘ಎಳೆ’ಗೆ ವಿಭಕ್ತಿ ಹತ್ತಿದ ಕೂಡಲೇ ಅರ್ಥ ಎರಡಾಗುತ್ತದೆ. “ಬೋರಾನ್ ಸಾಲದಿದ್ದರೆ ಎಳೆಯ ಬೆಳವಣಿಗೆ ನಿಲ್ಲುತ್ತದೆ.” ಮಾವ ಇದನ್ನು ಎಳೆಯ ಚಿಗುರಿನ ಬೆಳವಣಿಗೆ ಎಂದು ಓದಿಕೊಂಡರು. ಅದೂ ನಿಜವೇ, ಬೋರಾನ್ ಕೊರತೆ ಮೊದಲು ಕಾಣುವುದು ಕುಡಿಯಲ್ಲಿ, ಮೊಗ್ಗು ಮತ್ತು ಎಳೆಗಾಯಿ ಉದುರುವುದರಲ್ಲಿ. ಆದರೆ ಬರೆದವರು ಹೇಳಿದ್ದು ಹತ್ತಿಯ ಎಳೆಯನ್ನು ಕುರಿತು. ಒಂದೊಂದು ಎಳೆಯೂ ಬೀಜದ ಸಿಪ್ಪೆಯಿಂದ ಎದ್ದ ಒಂದೇ ಜೀವಕೋಶ. ಹೂ ಅರಳಿದ ದಿನದಿಂದ ಸುಮಾರು ಮೂರು ವಾರ ಅದು ಉದ್ದಕ್ಕೆ ಬೆಳೆಯುತ್ತದೆ, ಆಮೇಲೆ ಒಳಗೋಡೆಗೆ ಸೆಲ್ಯುಲೋಸ್ ಪದರ ಕಟ್ಟಿಕೊಂಡು ಬಲಿಯುತ್ತದೆ. ಪ್ರಯೋಗಾಲಯದಲ್ಲಿ ಹತ್ತಿಯ ಅಂಡಕಗಳನ್ನು (ಮುಂದೆ ಬೀಜವಾಗುವ ಭಾಗಗಳನ್ನು) ಪೋಷಕ ದ್ರವದಲ್ಲಿಟ್ಟು ಬೋರಾನ್ ಮಾತ್ರ ಕೊಡದಿದ್ದರೆ, ಎಳೆ ನೀಳವಾಗುವ ಬದಲು ಆಕಾರವಿಲ್ಲದ ಕೋಶಗಳ ಮುದ್ದೆ ಬೆಳೆಯುತ್ತದೆ.

ಸಮಾಸ ಮಾಡಿ ‘ಎಳೆಬಲ’ ಎಂದರೂ ಎಳೆಬಿಸಿಲು, ಎಳೆಮಗುವಿನ ದಾರಿಯನ್ನೇ ಹಿಡಿಯುತ್ತದೆ. ‘ಹತ್ತಿಯೆಳೆ’ ಎಂದು ಕೂಡಿಸಿ ಬರೆದರೆ ಹೇಗೆ? ‘ಹತ್ತಿಯೆಳೆಯ ಉದ್ದ’, ‘ಬಲಿತ ಹತ್ತಿಯೆಳೆ’. ಸ್ವಲ್ಪ ಉದ್ದವಾದರೂ ತಪ್ಪು ಓದಿಗೆ ಎಡೆಯಿಲ್ಲ.

ಇಳುವರಿಯ ಕೋಷ್ಟಕದಲ್ಲಿ ಬರಿಯ ‘ಹತ್ತಿ’ ಎಂದಿದೆ. ಬೀಜಸಹಿತ ಹತ್ತಿ 100 ಕೆ.ಜಿ. ಇದ್ದರೆ ಬೀಜ ಬೇರ್ಪಡಿಸುವ ಜಿನ್ ಯಂತ್ರದಿಂದ ಹೊರಬರುವ ಅರಳೆ ಮೂರನೆಯ ಒಂದು ಪಾಲಿನಷ್ಟು. ಹೀಗಾಗಿ ‘ಬೀಜಹತ್ತಿ’, ‘ಅರಳೆ’ ಎಂದು ಬೇರೆ ಮಾಡಿದ್ದೇನೆ. ಅರಳೆ ಎಂದರೆ ಬೀಜ ತೆಗೆದದ್ದೇ ಎಂದು ನಿಮ್ಮ ಕಡೆಯೂ ಇದೆಯೇ? ಹೊಲದಲ್ಲಿ ಬಿಡಿಸಿದ್ದನ್ನೂ ಅರಳೆ ಎನ್ನುವ ಊರುಗಳಿದ್ದರೆ ತಿಳಿಸಿ.

ಈ ಪದಗಳಿಗೆ ಇಷ್ಟು ಒದ್ದಾಡಲು ಕಾರಣವಿದೆ. ಕೊರತೆಯಿರುವ ನೆಲದಲ್ಲಿ ಸತು, ಬೋರಾನ್ ಕೊಟ್ಟಾಗ ಇಳುವರಿ ಏರುವುದು ಮುಖ್ಯವಾಗಿ ಗಿಡದಲ್ಲಿ ನಿಲ್ಲುವ ಕಾಯಿಗಳ ಸಂಖ್ಯೆ ಮತ್ತು ಕಾಯಿಯ ತೂಕದಿಂದ. ಎಳೆಯ ಉದ್ದ, ಗಟ್ಟಿತನ ಬಹುಮಟ್ಟಿಗೆ ತಳಿಯ ಗುಣ. ಧಾರವಾಡದಿಂದ 1972ರಲ್ಲಿ ಬಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯ ನೀಳ ಎಳೆ ಅದರ ಹುಟ್ಟಿನಿಂದ ಬಂದದ್ದು, ಗೊಬ್ಬರದಿಂದಲ್ಲ. ಇದನ್ನು ಮಸುಕಾಗಿ ಹೇಳಿದರೆ ಬೆಳೆಗಾರ ಎಳೆ ಉದ್ದವಾದೀತೆಂದು ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುತ್ತಾನೆ. ಬೋರಾನ್ ವಿಷಯದಲ್ಲಂತೂ ಸಾಲುವುದಕ್ಕೂ ಹೆಚ್ಚಾಗಿ ವಿಷವಾಗುವುದಕ್ಕೂ ನಡುವೆ ಅಂತರ ಬಹಳ ಕಿರಿದು.

‘ಲಘು’ವಿನ ಜಾಗಕ್ಕೆ ನನಗೆ ತೋಚಿರುವುದು ‘ಕಿರುಪ್ರಮಾಣದ ಪೋಷಕಾಂಶ’. ಇನ್ನೂ ಚಿಕ್ಕ ಮಾತು ಹೊಳೆದರೆ ಹೇಳಿ. ಇನ್ನೊಂದು ಪ್ರಶ್ನೆ ರಾಯಚೂರು, ಬಳ್ಳಾರಿ, ಕಲಬುರಗಿ ಕಡೆಯವರಿಗೆ. ಬಲಿಯದ ಎಳೆ ಬಣ್ಣವನ್ನು ಸರಿಯಾಗಿ ಹೀರದೆ ಬಟ್ಟೆಯಲ್ಲಿ ಬಿಳಿಯ ಚುಕ್ಕೆಯಾಗಿ ಉಳಿಯುತ್ತದೆ. ಆ ಎಳೆಗೆ, ಆ ಚುಕ್ಕೆಗೆ ನಿಮ್ಮಲ್ಲಿ ಹತ್ತಿ ಹಿಂಜುವವರು, ನೇಯುವವರು ಏನೆನ್ನುತ್ತಾರೆ?