ಲೆದರ್ ಮೇಲೆ ಲೇಸರ್: 30% ಪವರ್‌ಗೂ ಕರಟಿ ಗುಳ್ಳೆ ಏಳುತ್ತಿದೆ, ಬಲಭಾಗ ಮಾತ್ರ ಮಾಸಲು. ಮೆಷಿನ್ ಬದಲಿಸಬೇಕಾ?

ಚೀಲದಂಗಡಿ_ಉಡುಪಿ
ಎಲ್ಲರಿಗೂ ನಮಸ್ಕಾರ. ಮಂಡೆ ಬಿಸಿಯಾಗಿ ಹೋಗಿದೆ. ಆಟಿ ತಿಂಗಳು ಮುಗಿದ ಕೂಡಲೇ ಒಂದು ಮದುವೆಗೆ ಕೀ ಪೌಚ್ ಮಾಡಿ ಕೊಡಬೇಕು, ರಿಟರ್ನ್ ಗಿಫ್ಟ್‌ಗೆ. ಒಂದೊಂದರ ಮೇಲೂ ಯಕ್ಷಗಾನದ ಕೇದಗೆ ಮುಂದಲೆಯ ಸಣ್ಣ ಚಿತ್ರ, ಕೆಳಗೆ ಹುಡುಗ ಹುಡುಗಿಯ ಹೆಸರು. ಕಂಪ್ಯೂಟರಿನಲ್ಲಿ ನೋಡಿದರೆ ಚಂದ ಉಂಟು. ಲೆದರ್ ಮೇಲೆ ಬಿದ್ದರೆ ಗೆರೆಗಳೆಲ್ಲ ಒಂದಕ್ಕೊಂದು ಕೂಡಿ ಕರಿ ಮುದ್ದೆ. ಅಂಚಿನಲ್ಲಿ ಹಪ್ಪಳದ ಹಾಗೆ ಗುಳ್ಳೆ. ಒರೆಸಿದರೆ ಮಸಿ ಹೋಗುವುದಿಲ್ಲ, ಜಿಗುಟಾಗಿ ಹರಡುತ್ತದೆ. ಪವರ್ ಇಟ್ಟದ್ದು ಬರೇ 30%. ಅದರ ಮೇಲೆ, ಎಡಭಾಗದಲ್ಲಿ ಹೀಗೆ ಕರಟಿದರೆ ಬಲಭಾಗದಲ್ಲಿ ಅದೇ ಚಿತ್ರ ಮಾಸಲು ಮಾಸಲು. ವಿಡಿಯೋದಲ್ಲಿ ತೋರಿಸುವ ಸೆಟ್ಟಿಂಗನ್ನೇ ಹಾಕಿದ್ದೇನೆ. ಮೆಷಿನ್ 40 ವ್ಯಾಟಿನದು. ಮೆಷಿನ್ ಹಾಳಾ? ಬೇರೆ ತೆಗೆದುಕೊಳ್ಳಬೇಕಾ? ದಯವಿಟ್ಟು ಬೇಗ ಹೇಳಿ.

ಕುಡ್ಲ_ಜಿಆರ್‌ಬಿಎಲ್
ಅಕ್ಕ, ಇದು ಎಸ್ ವ್ಯಾಲ್ಯೂ, ಅಂದರೆ ಪವರ್ ಹೇಳುವ ಅಂಕೆಯ ಸಮಸ್ಯೆ. ಕಣ್ಣು ಮುಚ್ಚಿ ಹೇಳಬಹುದು. ಮೆಷಿನ್ನಿನ ಕಂಟ್ರೋಲ್ ಬೋರ್ಡಿನಲ್ಲಿ $30 ಎಂದು ಒಂದು ಸೆಟ್ಟಿಂಗ್ ಉಂಟು. ಫುಲ್ ಪವರ್ ಎಂದರೆ ಎಷ್ಟು ಎಂಬ ಅಂಕೆ ಅದು. ಬೋರ್ಡಿನಲ್ಲಿ 255 ಇದ್ದು ಲೈಟ್‌ಬರ್ನ್ ಸಾಫ್ಟ್‌ವೇರಿನಲ್ಲಿ 1000 ಇದ್ದರೆ, ನೀವು 30% ಎಂದಾಗ ಸಾಫ್ಟ್‌ವೇರ್ 300 ಕಳಿಸುತ್ತದೆ. ಬೋರ್ಡಿಗೆ 255ರ ಮೇಲೆ ಎಲ್ಲವೂ ಫುಲ್. ನೀವು 30% ಎಂದುಕೊಂಡು 100% ಸುಡುತ್ತಿದ್ದೀರಿ. ಕನ್ಸೋಲ್‌ನಲ್ಲಿ $$ ಎಂದು ಟೈಪ್ ಮಾಡಿ, ಬಂದದ್ದನ್ನು ಪೂರ್ತಿ ಇಲ್ಲಿ ಹಾಕಿ. ಮೆಷಿನ್ ಬದಲಿಸುವುದೆಲ್ಲ ಬೇಡ.

ಸುರತ್ಕಲ್_ಸಿಒ2
40 ವ್ಯಾಟ್ ಎಂದರೆ ಯಾವ 40? ಗ್ಯಾಸ್ ತುಂಬಿದ ಸಿಒ2 ಟ್ಯೂಬಾ, ಸಣ್ಣ ಚಿಪ್ಪಿನ ಡಯೋಡಾ? ಡಯೋಡ್ ಮೆಷಿನ್ ಡಬ್ಬದ ಮೇಲೆ ಬರೆದದ್ದು ಎಷ್ಟೋ ಸಲ ಕರೆಂಟ್ ಎಳೆಯುವ ಲೆಕ್ಕ, ಬೆಳಕಿನದ್ದಲ್ಲ. ಒಂದೇ ಡಯೋಡ್ ಇರುವ ಹೆಡ್ ಆದರೆ ಹೊರಗೆ ಬರುವುದು ಸುಮಾರು 5 ವ್ಯಾಟ್. 10 ಬೇಕಾದರೆ ಎರಡು ಡಯೋಡಿನ ಕಿರಣ ಸೇರಿಸುತ್ತಾರೆ, 20ಕ್ಕೆ ನಾಲ್ಕು. ನನ್ನದು 40 ವ್ಯಾಟಿನ ಸಿಒ2 ಟ್ಯೂಬ್. ಅದರ ಕಿರಣ 10.6 ಮೈಕ್ರಾನ್, ಲೆದರ್ ಬಿಳಿ ಇರಲಿ ಕಪ್ಪಿರಲಿ ಒಂದೇ ತರ ಹೀರಿಕೊಳ್ಳುತ್ತದೆ. ತಣ್ಣಗಿಡಲು ಡಿಸ್ಟಿಲ್ಡ್ ವಾಟರ್ ಓಡಿಸುತ್ತೇನೆ, ಹೊಸ ಪಂಪ್, ಆರು ಇಂಚಿನ ಎಕ್ಸಾಸ್ಟ್. ರೆಕ್ಸಿನ್, ಲೆದರ್, ಮರ ಎಲ್ಲ ಅದರಲ್ಲೇ. ಲೆದರ್ ಕೆಲಸವೇ ಮಾಡುವುದಾದರೆ ಸಿಒ2 ತೆಗೆದುಕೊಳ್ಳಿ.

ಚೀಲದಂಗಡಿ_ಉಡುಪಿ
ಡಯೋಡ್. ನೀಲಿ ಬೆಳಕು. ಲೆನ್ಸ್ ಒಂದೇ ಕಾಣುತ್ತದೆ. ಕನ್ಸೋಲ್‌ನಲ್ಲಿ ಬಂದದ್ದರಲ್ಲಿ ಬೇಕಾದ್ದು ಇಷ್ಟು:
$30=1000
$31=0
$32=1
ಲೈಟ್‌ಬರ್ನ್‌ನಲ್ಲಿಯೂ 1000 ಇದೆ.

ಕುಡ್ಲ_ಜಿಆರ್‌ಬಿಎಲ್
ಓಹೋ, ಸರಿ ಉಂಟಲ್ಲ. ಹಾಗಾದರೆ ಕಾನ್ಸ್ಟೆಂಟ್ ಪವರ್ ಆನ್ ಆಗಿರಬೇಕು. ಆಗ ಬೋರ್ಡಿಗೆ ಹೋಗುವುದು ಎಂ3 ಕಮಾಂಡ್. ಎಂ3 ಎಂದರೆ ಹೆಡ್ ನಿಧಾನವಾದರೂ ಅಷ್ಟೇ ಪವರ್, ಎಂ4 ಎಂದರೆ ವೇಗ ಕಡಿಮೆಯಾದಂತೆ ಪವರ್ ಕೂಡ ಕಡಿಮೆ. ಎಂ3 ಇದ್ದರೆ ಹೆಡ್ ತಿರುಗುವ ಜಾಗದಲ್ಲಿ ಅಂಚು ಕರಟುತ್ತದೆ. ಹೆಡ್ ಚಿತ್ರದ ಹೊರಗೆ ಹೋಗಿ ತಿರುಗುವಂತೆ ಓವರ್‌ಸ್ಕ್ಯಾನ್ ಆನ್ ಮಾಡಿ. ಲೈನ್ ಇಂಟರ್ವಲ್, ಅಂದರೆ ಗೆರೆ ಗೆರೆಯ ನಡುವಿನ ಅಂತರ, ಎಷ್ಟು? ಅದೂ ಸರಿ ಇದ್ದರೆ ಬೋರ್ಡಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರನ್ನು ಇನ್ನೊಮ್ಮೆ ಹಾಕಿಸಿ. ಪೂರ್ತಿ $$ ಹಾಕಿ, ಬೇಕಾದ್ದು ಮಾತ್ರ ಅಲ್ಲ.

ಮಣಿಪಾಲ_ಮೇಕರ್
ಅಕ್ಕ, ಅದೆಲ್ಲ ಆಮೇಲೆ. ಎಲ್ಲಿಟ್ಟು ಓಡಿಸುತ್ತಿದ್ದೀರಿ? ಈ ಮಳೆಗೆ ಕಿಟಕಿ ಹಾಕಿಕೊಂಡು ಮನೆಯೊಳಗೆ ಅಲ್ಲ ತಾನೇ? ಕನ್ನಡಕ ಯಾವುದು? ಅದರ ಮೇಲೆ 450 ನ್ಯಾನೋಮೀಟರಿಗೆ, ಅಂದರೆ ನೀಲಿ ಬೆಳಕಿಗೆ, ಓಡಿ (ಬೆಳಕು ತಡೆಯುವ ಅಳತೆ) ಎಷ್ಟು ಎಂದು ಬರೆದಿರಬೇಕು, ಕನಿಷ್ಠ 4. ಡಬ್ಬದಲ್ಲಿ ಸುಮ್ನೆ ಬರುವ ಹಸಿರು ಪ್ಲಾಸ್ಟಿಕ್ಕನ್ನು ನಂಬಬೇಡಿ.

ಸುರತ್ಕಲ್_ಸಿಒ2
ನಾನು ಹಾಕುವುದು ಸಾದಾ ಪಾರದರ್ಶಕ ಪಾಲಿಕಾರ್ಬೋನೇಟ್ ಕನ್ನಡಕ. ಏನೂ ಆಗಿಲ್ಲ.

ಮಣಿಪಾಲ_ಮೇಕರ್
ನಿಮಗೆ ಆಗುವುದಿಲ್ಲ, ಯಾಕೆಂದರೆ ಸಿಒ2 ಕಿರಣವನ್ನು ಆ ಪ್ಲಾಸ್ಟಿಕ್ ತಡೆಯುತ್ತದೆ. ನೀಲಿ ಬೆಳಕು ಅದರ ಮೂಲಕ ಹಾಗೇ ದಾಟುತ್ತದೆ. ಅಕ್ಕನ ಹತ್ತಿರ ಇರುವುದು ಡಯೋಡ್. ದಯವಿಟ್ಟು ಇಂಥದ್ದನ್ನು ಇಲ್ಲಿ ಹೇಳಬೇಡಿ, ಕಣ್ಣಿನ ವಿಷಯ.

ತೊಗಲು_ಕೆಲಸ
ಇಷ್ಟು ಹೊತ್ತು ಮೆಷಿನ್ ಬಗ್ಗೆ ಮಾತಾಯಿತು. ತಂಗಿ, ಲೆದರ್ ಯಾವುದು?

ಚೀಲದಂಗಡಿ_ಉಡುಪಿ
ಲೆದರ್ ಯಾವುದು ಎಂದರೆ ಎಂತ ಹೇಳುವುದು ಅಣ್ಣ? ಅಸಲಿ ಲೆದರ್. ಬ್ಯಾಗ್ ಹೊಲಿಯುವವರಲ್ಲಿ ಉಳಿದ ತುಂಡು, ಕಿಲೋ ಲೆಕ್ಕದಲ್ಲಿ ತಂದದ್ದು. ಕಂದು ಬಣ್ಣ, ಮೆತ್ತಗೆ, ಮೇಲೆ ನುಣುಪು, ನೀರು ಬಿದ್ದರೆ ಜಾರಿ ಹೋಗುತ್ತದೆ. ಇಂಟರ್ವಲ್ 0.05 ಇಟ್ಟಿದ್ದೇನೆ, ಚಿತ್ರ ಸೂಕ್ಷ್ಮ ಬರಲಿ ಎಂದು. ಮೆಷಿನ್ ಇರುವುದು ಹಿಂದಿನ ಕೋಣೆಯಲ್ಲಿ. ಮಳೆ ಎರಚುತ್ತದೆ, ಕಿಟಕಿ ಹಾಕಿಯೇ ಇಡುವುದು.

ಕುಡ್ಲ_ಜಿಆರ್‌ಬಿಎಲ್
0.05! ಸಿಕ್ಕಿತಲ್ಲ. ಡಯೋಡಿನ ಚುಕ್ಕಿಯೇ 0.08 ಮಿ.ಮೀ. ಆಸುಪಾಸು ಇರುತ್ತದೆ. ಗೆರೆಯ ಮೇಲೆ ಗೆರೆ ಬಿದ್ದು ಒಂದೇ ಜಾಗ ಮತ್ತೆ ಮತ್ತೆ ಸುಡುತ್ತಿದೆ. 0.1 ಮಾಡಿ, ಇಂಚಿಗೆ 254 ಗೆರೆ ಆಗುತ್ತದೆ. ಸರಿಯಾಗುತ್ತದೆ.

ತೊಗಲು_ಕೆಲಸ
0.1 ಮಾಡಿದರೆ ಸುಡುವುದು ಕಡಿಮೆಯಾದೀತು. ಗುಳ್ಳೆ ಹೋಗುವುದಿಲ್ಲ. ಆ ಗುಳ್ಳೆ ಚರ್ಮದ್ದಲ್ಲ, ಮೇಲಿನ ಕೋಟಿಂಗಿನದ್ದು. ನೀರು ಜಾರುತ್ತದೆ ಎಂದರಲ್ಲ, ಅದು ಪಿಯು ಥರದ ಪ್ಲಾಸ್ಟಿಕ್ ಕೋಟಿಂಗ್. ಬಿಸಿಗೆ ಕರಗಿ ಉಬ್ಬುತ್ತದೆ. ಜಿಗುಟು ಮಸಿಯೂ ಅದರದ್ದೇ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಮೆತ್ತಗಿನ ಬ್ಯಾಗ್ ಲೆದರ್ ಬಹುಪಾಲು ಕ್ರೋಮ್ ಟ್ಯಾನ್. ಹದ ಮಾಡುವಾಗ ಕ್ರೋಮಿಯಂ ಉಪ್ಪು ಹಾಕಿರುತ್ತಾರೆ. ಚೀಲವಾಗಿ ಹೆಗಲಿಗೆ ಹಾಕಿಕೊಳ್ಳಲು ತೊಂದರೆಯಿಲ್ಲ. ಆದರೆ ಜಾಸ್ತಿ ಬಿಸಿಯಲ್ಲಿ ಸುಟ್ಟಾಗ ಅದರ ಒಂದು ಪಾಲು ಕ್ರೋಮಿಯಂ 6 ಆಗಬಹುದು. ಅದು ಕ್ಯಾನ್ಸರ್ ತರುವ ವಸ್ತು. ಕಿಟಕಿ ಹಾಕಿದ ಕೋಣೆಯಲ್ಲಿ ಆ ಹೊಗೆ ಕುಡಿಯುತ್ತಿದ್ದೀರಿ. ಮೊದಲು ಮೆಷಿನ್ ನಿಲ್ಲಿಸಿ, ಆಮೇಲೆ ಓದಿ.

ಹರಿತ ಬ್ಲೇಡಿನಲ್ಲಿ ಒಂದು ತುಂಡನ್ನು ಓರೆಯಾಗಿ ಕತ್ತರಿಸಿ, ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಮೇಲೆ ಕಂದು, ಕೆಳಗೆ ಕಂದು, ನಡುವೆ ನೀಲಿ ಮಿಶ್ರಿತ ಬೂದು ಗೆರೆ ಕಂಡರೆ ಕ್ರೋಮ್. ವೆಜ್ ಟ್ಯಾನ್, ಅಂದರೆ ಸಸ್ಯದ ಚೊಗರಿನಲ್ಲಿ ಹದ ಮಾಡಿದ್ದು ಆದರೆ ನಡುವೆಯೂ ಮಣ್ಣಿನ ಬಣ್ಣ. ಆದರೆ ಹಾಕಿದ ಬಣ್ಣ ನಡುವಿನವರೆಗೂ ಇಳಿದಿದ್ದರೆ ಈ ಗುರುತು ಮೋಸ ಮಾಡುತ್ತದೆ. ಆಗ ಹಳೆಯ ಪಾತ್ರೆಯಲ್ಲಿ ನೀರು ಕುದಿಸಿ ಒಂದು ತುಂಡು ಹಾಕಿ. ವೆಜ್ ಟ್ಯಾನ್ ಆದರೆ ಸ್ವಲ್ಪ ಹೊತ್ತಲ್ಲೇ ಮುದುಡಿ, ಕುಗ್ಗಿ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಕ್ರೋಮ್ ಆದರೆ ಹಾಕಿದ ಹಾಗೆಯೇ ಇರುತ್ತದೆ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ.

ಇನ್ನೂ ಒಂದುಂಟು. ವಿನೆಗರಿನಲ್ಲಿ ತುಕ್ಕು ಮೊಳೆ ಒಂದು ರಾತ್ರಿ ಹಾಕಿಡಿ. ಆ ನೀರಿನ ಒಂದು ತೊಟ್ಟು ಲೆದರಿನ ಹಿಂಬದಿಗೆ ಬಿಡಿ. ವೆಜ್ ಟ್ಯಾನ್ ಆದರೆ ಕಪ್ಪಾಗುತ್ತದೆ. ಅಡಿಕೆ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವುದು ನಮ್ಮ ಕಡೆ ಎಲ್ಲರೂ ನೋಡಿದ್ದೇ. ಎರಡರಲ್ಲೂ ಇರುವುದು ಟ್ಯಾನಿನ್.

ಕುಡ್ಲ_ಜಿಆರ್‌ಬಿಎಲ್
ಇಷ್ಟೆಲ್ಲ ಯಾಕೆ ಅಣ್ಣ, ಬೆಂಕಿಕಡ್ಡಿ ಗೀರಿ ಸುಟ್ಟು ನೋಡಿದರೆ ಆಯಿತಲ್ಲ. ಬೂದಿ ಹಸಿರು ಕಂಡರೆ ಕ್ರೋಮ್.

ತೊಗಲು_ಕೆಲಸ
ಯಾವ ಹೊಗೆ ಬೇಡವೋ ಅದನ್ನೇ ಮೂಗಿನ ಹತ್ತಿರ ಹಿಡಿದು ಮಾಡುವ ಪರೀಕ್ಷೆ ಅದು. ಬೇಡ ಮಾರಾಯ್ರೆ. ಸುರತ್ಕಲ್ ಅವರೇ, ನೀವೂ ರೆಕ್ಸಿನ್ ಸುಡುತ್ತೇನೆ ಎಂದಿರಿ. ರೆಕ್ಸಿನ್‌ನಲ್ಲಿ ಪಿವಿಸಿ ಇದ್ದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ತೇವಾಂಶ ಸೇರಿದರೆ ಆಸಿಡ್. ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ನಿಗೂ ಕೆಟ್ಟದ್ದು.

ಸುರತ್ಕಲ್_ಸಿಒ2
ನನ್ನ ಎಕ್ಸಾಸ್ಟ್ ಎಲ್ಲ ಎಳೆಯುತ್ತದೆ. ರೈಲ್ ಮೇಲೆ ತುಕ್ಕು ಬರುತ್ತದೆ, ಹೌದು. ಅದು ಕಡಲ ಗಾಳಿ. ಇಲ್ಲಿ ಸೈಕಲ್ ಚೈನೂ ತುಕ್ಕು ಹಿಡಿಯುತ್ತದೆ.

ಮಣಿಪಾಲ_ಮೇಕರ್
ಪರೀಕ್ಷೆ ಸುಲಭ ಉಂಟು. ತಾಮ್ರದ ತಂತಿ ಕೆಂಪಾಗುವಷ್ಟು ಕಾಯಿಸಿ, ರೆಕ್ಸಿನ್‌ಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಉಂಟು ಎಂದು ಅರ್ಥ. ಹೊರಗೆ ಗಾಳಿಯಲ್ಲಿ ಮಾಡಿ, ಸಣ್ಣ ಚೂರು ಸಾಕು.

ಸುರತ್ಕಲ್_ಸಿಒ2
ನೋಡುತ್ತೇನೆ. ಆದರೂ ಮೂಲ ಪ್ರಶ್ನೆಗೆ ನನ್ನ ಉತ್ತರ ಅದೇ. ಡಯೋಡಿನಲ್ಲಿ ತಿಳಿ ಬಣ್ಣದ ಲೆದರ್‌ಗೆ ಒದ್ದಾಡಬೇಕು.

ಮಣಿಪಾಲ_ಮೇಕರ್
ಒದ್ದಾಡುವುದೇನಿಲ್ಲ. ಕೀ ಪೌಚಿನ ಮೇಲೆ ಹೆಸರು ಬರೆಯಲು 5 ವ್ಯಾಟ್ ಬೆಳಕು ಧಾರಾಳ ಸಾಕು. ದಪ್ಪ ಲೆದರ್ ಕತ್ತರಿಸಿ ದಿನವಿಡೀ ಮಾರುವವರಿಗೆ ಸಿಒ2 ಸರಿ. ಅದಕ್ಕೆ ಟ್ಯೂಬ್, ನೀರು, ಸಾವಿರಗಟ್ಟಲೆ ವೋಲ್ಟು, ಸರಿಯಾದ ಅರ್ಥಿಂಗ್ ಎಲ್ಲ ಬೇಕು. ಒಂದು ಮದುವೆ ಆರ್ಡರ್‌ಗೆ ಯಾಕೆ ಅಷ್ಟು ದುಡ್ಡು ಹಾಕಿಸುತ್ತೀರಿ?

ಚೀಲದಂಗಡಿ_ಉಡುಪಿ
ಅಣ್ಣ, ಕತ್ತರಿಸಿ ನೋಡಿದೆ. ನಡುವೆ ನೂಲಿನಷ್ಟು ಸಪೂರದ ಬೂದು ನೀಲಿ ಗೆರೆ ಸ್ಪಷ್ಟ ಉಂಟು. ಕುದಿಯುವ ನೀರಿನಲ್ಲಿ ಹಾಕಿದರೆ ಏನೂ ಆಗಲಿಲ್ಲ, ಮೆತ್ತಗೇ ಇತ್ತು. ಮೊಳೆ ನೀರು ಬಿಟ್ಟರೆ ತುಕ್ಕಿನ ಕಲೆ ಮಾತ್ರ, ಕಪ್ಪಾಗಲಿಲ್ಲ. ಹಾಗಾದರೆ ಇದು ಅಷ್ಟೂ ಉಪಯೋಗವಿಲ್ಲವಾ? ಒಂದು ಚೀಲ ತುಂಬ ಉಂಟು. ವೆಜ್ ಟ್ಯಾನ್ ಎಲ್ಲಿ ಸಿಗುತ್ತದೆ? ಮಂಗಳೂರಿನಲ್ಲಿ ಕೇಳಿದರೆ ಚಪ್ಪಲಿ ಸೋಲ್ ಹಾಕುವ ದಪ್ಪದ್ದು ತೋರಿಸಿದರು.

ತೊಗಲು_ಕೆಲಸ
ಹೊಲಿಗೆಗೆ ಚಿನ್ನದಂಥ ಮಾಲು. ಒಳಗಿನ ಪದರಕ್ಕೆ, ಹಿಂಬದಿಗೆ ಅದನ್ನೇ ಹಾಕಿ. ಲೇಸರ್ ಬೀಳುವ ಮುಂಭಾಗ ಮಾತ್ರ ವೆಜ್ ಟ್ಯಾನ್. ಚೆನ್ನೈ, ಕಾನ್ಪುರದಿಂದ ಆನ್‌ಲೈನ್‌ನಲ್ಲಿ ತುಂಡು ಲೆಕ್ಕದಲ್ಲೂ ಕಳಿಸುತ್ತಾರೆ. ಕೇಳುವಾಗ ಮೂರು ಮಾತು ಬಿಡಬೇಡಿ: ವೆಜ್ ಟ್ಯಾನ್ ಆಗಿರಬೇಕು, ಮೇಲೆ ಫಿನಿಶ್ ಇರಬಾರದು, ದಪ್ಪ ಒಂದೂವರೆಯಿಂದ ಎರಡು ಮಿ.ಮೀ. ಬರೇ ‘ಜೆನ್ಯೂಯಿನ್ ಲೆದರ್’ ಎಂದು ಬರೆದರೆ ಹದ ಯಾವುದು ಎಂದು ಗೊತ್ತಾಗುವುದಿಲ್ಲ. ಕ್ರೋಮ್ ಹದ ಮಾಡಿ ಮೇಲೆ ಸ್ವಲ್ಪ ಟ್ಯಾನಿನ್ ಕೊಟ್ಟದ್ದೂ ಇರುತ್ತದೆ. ಅದಕ್ಕೇ ಮೊಳೆ ನೀರಿನ ಪರೀಕ್ಷೆ ಮಾತ್ರ ಸಾಲದು, ಕುದಿಸುವ ಪರೀಕ್ಷೆಯನ್ನೂ ಮಾಡಿ.

ಬಂದ ಮೇಲೆ ಪತ್ರೊಡೆ ಎಲೆ ಇಡುವ ಮೂಲೆಯಲ್ಲಿ, ಹಸಿ ಗೋಡೆಗೆ ಒರಗಿಸಿ ಇಡಬೇಡಿ. ಈ ತಿಂಗಳಲ್ಲಿ ಬೂಸ್ಟು ಹಿಡಿಯುವುದು ಗ್ಯಾರಂಟಿ. ಪೇಪರಿನಲ್ಲಿ ಸುತ್ತಿ ಗಾಳಿಯಾಡುವ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಬೇಡ.

ಕುಂದಾಪ್ರ_ಮದ್ದಳೆ
ನಡುವೆ ಬಂದದ್ದಕ್ಕೆ ಬೇಸರ ಮಾಡಬೇಡಿ. ನಮ್ಮಲ್ಲಿ ಮದ್ದಳೆಯ ಹಳೆಯ ಮುಚ್ಚಿಗೆ (ಬಾರಿಸುವ ಬದಿಯ ಚರ್ಮ) ಉಂಟು. ಅದರ ಮೇಲೆ ಮೇಳದ ಹೆಸರು ಲೇಸರಿನಲ್ಲಿ ಬರೆದು ಗೋಡೆಗೆ ಹಾಕಬಹುದಾ?

ಚೀಲದಂಗಡಿ_ಉಡುಪಿ
ಲೆದರ್ ಬಂತು. ಕುದಿಸಿ ನೋಡಿದೆ, ಮುದುಡಿ ಸುಕ್ಕಾಯಿತು. ಮೊಳೆ ನೀರಿಗೆ ಕಪ್ಪು. ಮೆಷಿನ್ನನ್ನು ಜಗಲಿಗೆ ತಂದು, ಮೂರು ಬದಿ ಮರೆ ಮಾಡಿ, ಹೊಗೆಗೆ ಫ್ಯಾನ್ ಮತ್ತು ಪೈಪ್ ಇಟ್ಟಿದ್ದೇನೆ. ಕನ್ನಡಕವೂ ಬೇರೆ ತರಿಸಿದೆ. ಮಣಿಪಾಲದವರು ಹೇಳಿದಂತೆ 450 ಎಂದು ಬರೆದದ್ದು.

ಮೆಟೀರಿಯಲ್ ಟೆಸ್ಟ್ ಹಾಕಿ, ಬೇರೆ ಬೇರೆ ವೇಗ, ಪವರಿನಲ್ಲಿ ಚೌಕ ಚೌಕ ಸುಟ್ಟು ನೋಡಿದೆ. ನಿಮಿಷಕ್ಕೆ 3000 ಮಿ.ಮೀ., ಪವರ್ 35%, ಇಂಟರ್ವಲ್ 0.1. ಇದರಲ್ಲಿ ಕಾಫಿ ಬಣ್ಣದ ಗೆರೆ, ಚೂಪಾಗಿ ಬರುತ್ತದೆ. ಗುಳ್ಳೆ ಇಲ್ಲ, ಜಿಗುಟು ಇಲ್ಲ. ಮೇಲೆ ಪೇಪರ್ ಮಾಸ್ಕಿಂಗ್ ಟೇಪ್ ಅಂಟಿಸಿ ಸುಟ್ಟರೆ ಸುತ್ತಲಿನ ಹೊಗೆ ಕಲೆ ಇನ್ನೂ ಕಡಿಮೆ. ಕೇದಗೆ ಮುಂದಲೆಯ ಒಳಗಿನ ಸಣ್ಣ ಪಟ್ಟಿಗಳು ಕೂಡ ಬೇರೆ ಬೇರೆ ಕಾಣುತ್ತವೆ. ತುಂಬಾ ಖುಷಿಯಾಯಿತು.

ಆದರೆ ಬಲಭಾಗ ಈಗಲೂ ಮಾಸಲು.

ಕುಡ್ಲ_ಜಿಆರ್‌ಬಿಎಲ್
ಇದನ್ನೇ ನಾನು ಮೊದಲಿನಿಂದ ಹೇಳಿದ್ದು. ಪೂರ್ತಿ $$ ಹಾಕಿ. ಒಂದು ಬದಿ ಮಾಸಲು ಎಂದರೆ ಪವರ್ ಸಿಗ್ನಲ್ ಡ್ರಾಪ್. ಹೆಡ್ ಬಲಕ್ಕೆ ಹೋದಾಗ ಕೇಬಲ್ ಎಳೆಯುತ್ತಿರಬೇಕು.

ಮಣಿಪಾಲ_ಮೇಕರ್
ಕೇಬಲ್ ಇರಬಹುದು, ಆದರೆ ಮೊದಲು ಫೋಕಸ್ ನೋಡೋಣ. ಅಕ್ಕ, ಹೆಡ್ಡಿನ ಎತ್ತರ ಅಳೆಯುವ ಫೋಕಸ್ ಬ್ಲಾಕನ್ನು ಎಡಮೂಲೆಯಲ್ಲಿ ಮಾತ್ರ ಇಟ್ಟು ನೋಡಿದ್ದಾ? ನಾಲ್ಕು ಮೂಲೆಗೂ ಹೆಡ್ ಒಯ್ದು ಎತ್ತರ ಅಳೆಯಿರಿ. ಲೆದರ್ ಇಟ್ಟು ಒಮ್ಮೆ, ಇಡದೆ ಒಮ್ಮೆ.

ಚೀಲದಂಗಡಿ_ಉಡುಪಿ
ಲೆದರ್ ಇಡದೆ ನೋಡಿದರೆ ನಾಲ್ಕೂ ಕಡೆ ಸಮ. ಲೆದರ್ ಇಟ್ಟರೆ ಬಲಗಡೆ ಬ್ಲಾಕ್ ಹೋಗುವುದೇ ಇಲ್ಲ, ಲೆದರ್ ಎದ್ದು ನಿಂತಿದೆ. ಬೆಳಿಗ್ಗೆ ಚಪ್ಪಟೆ ಇತ್ತು. ಮಧ್ಯಾಹ್ನಕ್ಕೆ ಈ ಥಂಡಿಗೆ ಅಂಚು ಸುರುಳಿ ಏಳುತ್ತದೆ.

ಮಣಿಪಾಲ_ಮೇಕರ್
ಅದೇ. ಎರಡು ಮಿ.ಮೀ. ಎದ್ದರೂ ಚುಕ್ಕಿ ಹರಡಿ ಗೆರೆ ಮಾಸುತ್ತದೆ. ಕೆಳಗೆ ಕಬ್ಬಿಣದ ತಗಡು ಹಾಕಿ, ಚಿತ್ರದ ಹೊರಗೆ ಸುತ್ತ ಮ್ಯಾಗ್ನೆಟ್ ಇಡಿ. ಎತ್ತರದ ಮ್ಯಾಗ್ನೆಟ್ ಬೇಡ, ಹೆಡ್ ಬಡಿಯುತ್ತದೆ. ಪೌಚಿನ ತುಂಡು ಸಣ್ಣದಾದರೆ ಕೆಳಗೆ ಡಬಲ್ ಸೈಡ್ ಟೇಪ್ ಸಾಕು. ತೆಗೆಯುವಾಗ ಹಿಂಬದಿಯ ನಾರು ಏಳದಂತೆ ನಿಧಾನ ಎಳೆಯಿರಿ.

ತೊಗಲು_ಕೆಲಸ
ಕುಂದಾಪುರದವರೇ, ನಿಮ್ಮ ಪ್ರಶ್ನೆ ಹಾಗೇ ಉಳಿಯಿತು. ಮುಚ್ಚಿಗೆಯ ಚರ್ಮ ಹದ ಮಾಡಿದ್ದಲ್ಲ, ಹಸಿ ಚರ್ಮ ಒಣಗಿಸಿದ್ದು. ಹದ ಮಾಡಿದ ಲೆದರಿಗಿಂತ ಕಡಿಮೆ ಬಿಸಿಗೇ ಅದು ಕುಗ್ಗುತ್ತದೆ. ಬಿಗಿದಿದ್ದರೆ ಗೆರೆಯ ಉದ್ದಕ್ಕೂ ಸೀಳಬಹುದು. ನುಡಿಸುವ ಮದ್ದಳೆಗೆ ಖಂಡಿತ ಬೇಡ. ಗೋಡೆಗೆ ಎಂದಾದರೆ ಬಿಚ್ಚಿದ ಮುಚ್ಚಿಗೆಯ ಅಂಚಿನ ಒಂದು ಚೂರಿನ ಮೇಲೆ ತುಂಬಾ ಕಡಿಮೆ ಪವರಿನಲ್ಲಿ ನೋಡಿ. ನಡುವಿನ ಕರಿ ಹಾಕಿದ ಭಾಗ ಮುಟ್ಟಬೇಡಿ.

ಚೀಲದಂಗಡಿ_ಉಡುಪಿ
ಮ್ಯಾಗ್ನೆಟ್ ಇಟ್ಟು ಓಡಿಸಿದೆ. ಎಡ ಬಲ ಒಂದೇ ಬಣ್ಣ. ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಉಳಿಯಿತು: ಸುಟ್ಟ ಮೇಲೆ ಎಣ್ಣೆ ಹಚ್ಚಿದರೆ ಲೆದರ್ ಗಾಢವಾಗಿ ಗೆರೆ ಕಾಣದ ಹಾಗೆ ಆಗುತ್ತದಾ? ಹಚ್ಚದೆ ಕೊಟ್ಟರೆ ಮಳೆಗಾಲದಲ್ಲಿ ಬೂಸ್ಟು ಬರುತ್ತದಾ?

ತೊಗಲು_ಕೆಲಸ
ಎಣ್ಣೆ ಬೇಡ, ಲೆದರ್ ಗಾಢವಾಗುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಮಸಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಪೂರ್ತಿ ಆರಿದ ಮೇಲೆ ಜೇನುಮೇಣದ ಪಾಲಿಶ್ ತೆಳುವಾಗಿ. ಮೊದಲು ಒಂದು ಕೆಟ್ಟ ತುಂಡಿನ ಮೇಲೆ.

ಕುಡ್ಲ_ಜಿಆರ್‌ಬಿಎಲ್
ಎಲ್ಲ ಸರಿ, ಓವರ್‌ಸ್ಕ್ಯಾನ್ ಆನ್ ಮಾಡಿದ್ದೀರಾ ಇಲ್ಲವಾ?