ಭರತನಾಟ್ಯದ ಮೈಗೆ ಓರಿಯೆಂಟಲ್, ಕಂಟೆಂಪರರಿ ಎರಡೂ ಒಗ್ಗುತ್ತವಾ?

ಘಟ್ಟದ ಮೇಲಿನವಳು (ಶಿರಸಿ):
ನನಗೆ 21 ವರ್ಷ. ಹನ್ನೊಂದು ವರ್ಷ ಭರತನಾಟ್ಯ ಆಗಿದೆ, ಸೀನಿಯರ್ ಪರೀಕ್ಷೆ ಪಾಸು, ಅದರ ಮೇಲಿನ ವಿದ್ವತ್ ಬಾಕಿ. ಒಂದು ವರ್ಷದಿಂದ ಫೋನ್ ನೋಡಿಕೊಂಡು ಈಜಿಪ್ಟಿನ ಓರಿಯೆಂಟಲ್ ಡ್ಯಾನ್ಸ್ (ಬೆಲ್ಲಿ ಡ್ಯಾನ್ಸ್) ಮಾಡುತ್ತಿದ್ದೇನೆ, ಅದಕ್ಕೆ ಕಂಟೆಂಪರರಿ (ಸಮಕಾಲೀನ ನೃತ್ಯ) ಸೇರಿಸಿ ನನ್ನದೇ ಏನಾದರೂ ಕಟ್ಟಬೇಕು ಅಂತ ಆಸೆ. ಆದರೆ ಸೊಂಟ ಅಲ್ಲಾಡಿಸಿದರೆ ಎದೆ, ಭುಜ ಎಲ್ಲ ಜೊತೆಗೇ ಹೊರಡುತ್ತವೆ. ಆಯಿಗೆ ಹೇಳಿದೆ. "ಹೊಟ್ಟೆ ಕುಣಿಸೋದಲ್ವಾ ಅದು" ಅಂದಳು, ಅಲ್ಲಿಗೆ ಮುಗಿಯಿತು. ಇದನ್ನೇ ನಂಬಿ ಬದುಕಬಹುದಾ?

ಕಾಳಿ ಸೇತುವೆ (ಕಾರವಾರ):
ತಂಗಿ, ಎದೆ ಭುಜ ಒಟ್ಟಿಗೆ ಹೋಗುವುದು ನಿನ್ನ ತಪ್ಪಲ್ಲ, ಹನ್ನೊಂದು ವರ್ಷದ ಪಾಠ ಅದು. ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತಾಗ, ಮೇಲಿನ ಮೈ ಅಲ್ಲಾಡಬಾರದು ಅಂತ ಬೈಸಿಕೊಂಡು ಬೈಸಿಕೊಂಡು ಅದು ಒಂದೇ ಹಲಗೆ ಆಗಿರುತ್ತದೆ. ಓರಿಯೆಂಟಲ್‌ನಲ್ಲಿ ಆ ಹಲಗೆಯನ್ನು ಬಿಡಿಬಿಡಿ ಮಾಡಬೇಕು. ಸೊಂಟ ಹೋದರೂ ಪಕ್ಕೆಲುಬು ಇದ್ದಲ್ಲೇ ಇರಬೇಕು. ಈಜಿಪ್ಟಿನ ಶಿಮ್ಮಿಗೆ, ಅಂದರೆ ಸೊಂಟದ ಆ ನಡುಕಕ್ಕೆ, ಸೊಂಟ ಒದರಬೇಡ, ಮಂಡಿಗಳನ್ನು ಒಂದಾದ ಮೇಲೊಂದು ಸಣ್ಣಗೆ ಮಡಚಿ ಬಿಡು, ಸೊಂಟ ತಾನೇ ನಡುಗುತ್ತದೆ. ನಿಧಾನಕ್ಕೆ ಶುರು ಮಾಡು, ಕನ್ನಡಿ ಮುಂದೆ.

ಕಂಟೆಂಪರರಿಯಲ್ಲಿ ಇನ್ನೊಂದು ಕಷ್ಟ. ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ ಪದ್ಧತಿಯಲ್ಲಿ ಉಸಿರು ಬಿಡುತ್ತಾ ಹೊಟ್ಟೆ ಒಳಗೆ ಎಳೆದು ಬೆನ್ನು ಗುಂಡಗೆ ಮಾಡಬೇಕು, ನಮಗೆ ಬೆನ್ನು ಬಗ್ಗಿದರೆ ಕೋಲು ಬೀಳುತ್ತಿತ್ತು! ನನಗೆ ಅಷ್ಟಕ್ಕೇ ಎಂಟು ತಿಂಗಳು ಹಿಡಿಯಿತು. ಆಮೇಲೆ ಬೆರೆಸುವ ಮಾತು. ಬೆರಕೆ ಅಂತ ನಾಚಬೇಡ. ಓರಿಯೆಂಟಲ್‌ಗೆ ಅರಬ್ಬಿಯಲ್ಲಿ ರಕ್ಸ್ ಶರ್ಕಿ ಅನ್ನುತ್ತಾರೆ, ಪೂರ್ವದ ನೃತ್ಯ ಅಂತಷ್ಟೇ ಅರ್ಥ. 1926ರಲ್ಲಿ ಬದಿಯಾ ಮಸಾಬ್ನಿ ಅನ್ನುವ ನರ್ತಕಿ ಕೈರೋದಲ್ಲಿ ಕ್ಲಬ್ ತೆರೆದ ಮೇಲೆ ಅದು ದೊಡ್ಡ ರಂಗಕ್ಕೆ ತಕ್ಕಂತೆ ಬದಲಾಯಿತು, ಪಶ್ಚಿಮದ ನೃತ್ಯಗಳಿಂದಲೂ ತೆಗೆದುಕೊಂಡಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಗ್ರಹಾಂ ತನ್ನ ತಂಡ ಕಟ್ಟಿದ್ದು, ನೋಡು.

ದುಡ್ಡಿನ ಮಾತು. ಬೆಂಗಳೂರಲ್ಲಿ ಆರು ವರ್ಷ ಇದ್ದೆ, ಬರೀ ಶೋಗಳಿಂದ ಬಾಡಿಗೆ ಕಟ್ಟಿದ ತಿಂಗಳು ನೆನಪಿಲ್ಲ. ಮಕ್ಕಳ ಕ್ಲಾಸು, ಮದುವೆ ಸಂಗೀತ್‌ಗೆ ಸ್ಟೆಪ್ ಹೇಳಿಕೊಡುವುದು, ಅನ್ನ ಅಲ್ಲಿಂದಲೇ. ಒಂದು ಈವೆಂಟ್‌ನವರು ಅರ್ಧ ದುಡ್ಡು ಕೊಟ್ಟು ಫೋನ್ ಎತ್ತುವುದನ್ನೇ ಬಿಟ್ಟರು. ವಿದ್ವತ್ ಮುಗಿಸಿಕೋ, ಕ್ಲಾಸ್ ನಡೆಸಲು ಆ ಕಾಗದ ಬೇಕಾಗುತ್ತದೆ.

ಬಡಗಿನವ (ಹೊನ್ನಾವರ):
ಎಲ್ಲ ಬಿಟ್ಟು ಈಜಿಪ್ಟಿಗೆ ಯಾಕೆ ಹೋಗಬೇಕು ಮಾರಾಯ್ತಿ? ಗುಣವಂತೆಯಲ್ಲಿ ಕೆರೆಮನೆಯವರ ಯಕ್ಷಗಾನ ಕೇಂದ್ರ ಇದೆ, ಮೇಳ 1934ರದ್ದು. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿ ಹಾಕುವುದು ನೋಡಿದ್ದೀಯಲ್ಲ, ನೆಲದ ಮೇಲೆ ಮಂಡಿಯಲ್ಲೇ ತಿರುಗುವುದು. ನಿಮ್ಮ ಕಂಟೆಂಪರರಿಯವರು ನೆಲದಲ್ಲಿ ಉರುಳುವುದಕ್ಕಿಂತ ಅದೇನು ಕಡಿಮೆ?

ಕಾಳಿ ಸೇತುವೆ:
ಕಡಿಮೆ ಅಂದವರು ಯಾರು. ಆದರೆ ಅವಳಿಗೆ ಬೇಕಾಗಿರುವುದು ಸೊಂಟ, ನೀವು ಮಂಡಿ ಮಾರುತ್ತಿದ್ದೀರಿ. ಮೈಯ ಭಾರ ನೆಲಕ್ಕೆ ಕೊಡುವುದನ್ನು ಕಲಿಯಲು ಹೋಗಿ ನೋಡಲಿ, ಅದು ಒಪ್ಪುತ್ತೇನೆ. ತಂಗಿ, ಬೆಂಗಳೂರಿನಲ್ಲಿ ಅಟ್ಟಕ್ಕಲರಿ ಅನ್ನುವ ನೃತ್ಯ ಸಂಸ್ಥೆಯಲ್ಲಿ ವಿಚಾರಿಸು, 1992ರಿಂದ ಇದೆ, ಸಮಕಾಲೀನ ನೃತ್ಯದ ಜೊತೆ ಭರತನಾಟ್ಯ, ಕೇರಳದ ಸಮರಕಲೆ ಕಳರಿಯನ್ನೂ ಇಟ್ಟುಕೊಂಡವರು. ಮೊದಲು ಸಣ್ಣ ಕಾರ್ಯಾಗಾರ ಸಾಕು.

ಘಟ್ಟದ ಮೇಲಿನವಳು:
ಮಂಡಿಯ ಉಪಾಯ ಈಗಲೇ ಮಾಡಿ ನೋಡಿದೆ, ಅಕ್ಕ. ಭುಜ ಹತ್ತು ಸೆಕೆಂಡ್ ಸುಮ್ಮನಿತ್ತು! ಆಯಿಗೆ ಏನು ಹೇಳಲಿ?

ಕಾಳಿ ಸೇತುವೆ:
ಹೇಳಬೇಡ. ಚೂಡಿದಾರ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ಮಾಡಿ ತೋರಿಸು.